ಅವ್ವನ ಚೌಕ ಎಲ್ಲಿಡಬೇಕು

ಅಣ್ಣ ಹುಮನಾಬಾದಿನಲ್ಲಿ ಹೊಸ ಮನೆ ಕಟ್ಟಿಸಿದ. ಗೋಡೆಗೆ ಬಣ್ಣ ಬಳಿಯುವ ಹೊತ್ತಿಗೆ ನನಗೊಂದು ಫೋನು ಬಂತು. ಅಣ್ಣ ತೊಗರಿ ವ್ಯಾಪಾರಿ. ಅಡತಿ ಅಂಗಡಿಯ ಗದ್ದಲದಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿದೆ. ಅವನ ಫೋನು ಬಂದರೆ ಕಿವಿಯಿಂದ ಗೇಣುದೂರ ಹಿಡಿದೇ ಕೇಳಬೇಕು.

"ಏ ತಮ್ಮಾ, ನೀ ಕಂಪ್ಯೂಟರಿನ್ಯಾಗ ಚೌಕಾ ಚೌಕಾ ತಗದು ನಡುವ ಗೆರಿ ಹಾಕ್ತೀಯಲ್ಲ, ಹಂಗ ನಮ್ಮ ಮನೆತನದ್ದೊಂದು ಮಾಡಿಕೊಡು. ಪಡಸಾಲ್ಯಾಗ ದೊಡ್ಡ ಗ್ವಾಡಿ ಖಾಲಿ ಬಿಟ್ಟೀನಿ."

"ವಂಶವೃಕ್ಷ ಏನು?"

"ಹಾಂ, ಅದ. ಮುತ್ಯಾನ ಮುತ್ಯಾನಿಂದ ಹಿಡದು ನನ್ನ ಮೊಮ್ಮಗಳ ತನಕ. ವಾಸ್ತುಶಾಂತಿಗೆ ಬಂದವರು ಊಟಾ ಮರತು ನಿಂತು ನೋಡ್ಬೇಕು."

"ನನ್ನ ಚೌಕಾ ನಿನಗಿಂತ ದೊಡ್ಡದು ಮಾಡ್ತೀನಿ ನೋಡು ಮತ್ತ."

"ಮಾಡಿ ನೋಡು, ಬಂದು ಕೈ ಮುರೀತೀನಿ," ಎಂದು ಫೋನು ಇಟ್ಟ. ಅವನ ಭಾಷೆಯಲ್ಲಿ ಅದು ಒಪ್ಪಿಗೆ.

ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಕಸುಬು. ಅಂಗಡಿಗಳಿಗೆ, ಶಾಲೆಗಳಿಗೆ, ಮಂಗಲಕಾರ್ಯಾಲಯಗಳಿಗೆ ವೆಬ್ ಪುಟ ಮಾಡಿಕೊಡುತ್ತೇನೆ. ಒಂದೊಂದು ಸಲ ಯಾರಾದರೂ ತಮ್ಮ ಕಾರಖಾನೆಯಲ್ಲಿ ಮಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಕ್ಷೆ ಮಾಡಿಸುತ್ತಾರೆ. ಅಂಥ ನಕ್ಷೆಗೆಂದೇ ಬೇರೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಕೋಡಿನ ಗಂಟೊಂದಿದೆ. ಅದಕ್ಕೆ ಲೈಬ್ರರಿ ಅನ್ನುತ್ತೇವೆ. ಚೌಕ ಎಷ್ಟಿವೆ, ಯಾವುದರಿಂದ ಯಾವುದಕ್ಕೆ ಗೆರೆ ಹೋಗಬೇಕು ಎಂದು ಹೇಳಿದರೆ ಸಾಕು. ಯಾರನ್ನು ಎಲ್ಲಿ ಕೂರಿಸಬೇಕೆಂಬುದನ್ನು ಅದೇ ಲೆಕ್ಕ ಹಾಕಿ ಬ್ರೌಸರಿನಲ್ಲಿ ಹರಡಿಬಿಡುತ್ತದೆ. ಮದುವೆ ಮನೆಯಲ್ಲಿ ಪಂಗ್ತಿ ಕೂರಿಸುವ ಹಿರಿಯರಿದ್ದ ಹಾಗೆ.

ಆದರೆ ಆ ಲೈಬ್ರರಿಯ ಸಿದ್ಧ ಚೌಕ ನಮ್ಮ ಮಂದಿಗೆ ಸಾಲುವಂಥದ್ದಲ್ಲ. ನಡುವೆ ಒಂದು ಹೆಸರು, ಸುತ್ತ ನಾಲ್ಕು ಗೆರೆ, ಮುಗಿಯಿತು. ನನಗೆ ಎಡಕ್ಕೆ ಫೋಟೋ ಬೇಕು, ಬಲಕ್ಕೆ ಹೆಸರು, ಹೆಸರಿನ ಕೆಳಗೆ ಊರು. ಹಾಗಾಗಿ ಚೌಕವನ್ನು ನಾನೇ ಕಟ್ಟಬೇಕಾಯಿತು. ಒಳಗೆ ಯಾವುದು ಎಲ್ಲಿ ಕೂರಬೇಕು, ಹೆಸರು ಉದ್ದವಾದರೆ ಎಷ್ಟು ಹಿಗ್ಗಬೇಕು, ಗೆರೆ ಯಾವ ಅಂಚಿನಿಂದ ಹೊರಡಬೇಕು, ಎಲ್ಲವನ್ನೂ ಬರೆದು ಕಲಿಸಬೇಕು. ಕಲಿಸದಿದ್ದರೆ ಲೈಬ್ರರಿ ತನಗೆ ತೋಚಿದಷ್ಟು ಜಾಗ ಕೊಟ್ಟು ಮುಂದಿನವರ ಕಡೆ ಹೋಗಿಬಿಡುತ್ತದೆ. ಮೊದಲ ದಿನ ನಮ್ಮ ಮುತ್ಯಾನ ಹೆಸರಿನ ಒತ್ತಕ್ಷರಗಳೆಲ್ಲ ಕೆಳಗಿನ ಗೆರೆಗೆ ಸಿಕ್ಕು ಕಾಲು ಕಳೆದುಕೊಂಡಿದ್ದವು.

ಹೆಸರುಗಳನ್ನು ಹೇಳುತ್ತಿದ್ದವಳು ಅವ್ವ. ಪಕ್ಕದ ಮಂಚದ ಮೇಲೆ ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರ ಸೋದರಮಾವ ಯಾರಿಗೆ ಬೀಗನಾದ ಎಂದು ಬೇಳೆಯ ಜೊತೆಗೇ ಆರಿಸಿ ಆರಿಸಿ ಕೊಡುತ್ತಿದ್ದಳು. ನಡುನಡುವೆ ಪರದೆಯ ಕಡೆ ಕಣ್ಣು ಕಿರಿದು ಮಾಡಿ ನೋಡುವಳು.

"ನಿಮ್ಮ ದೊಡ್ಡಪ್ಪಗ ಅಷ್ಟ ಜಾಗಾ ಯಾಕ ಕೊಟ್ಟಿ?"

"ಹೆಸರು ಉದ್ದ ಅದ ಅವ್ವಾ, ಚೌಕಾ ತಾನ ಹಿಗ್ಗತದ."

"ಇದ್ದಾಗೂ ಹಂಗ. ಬಸ್ಸಿನ್ಯಾಗ ಇಬ್ಬರ ಜಾಗಾ ಹಿಡದು ಕುಂದರತಿದ್ದ."

ಇಲ್ಲಿ ನಮ್ಮ ಮನೆಯ ವಿಷಯ ಹೇಳದೆ ಮುಂದೆ ಹೋಗಲಾಗದು. ನಾನು ಅವ್ವ ಅನ್ನುವವಳು ನನ್ನನ್ನು ಹೆತ್ತವಳಲ್ಲ. ಹೆತ್ತವಳು ತೀರಿಕೊಂಡಾಗ ಅಣ್ಣನಿಗೆ ಏಳು ವರ್ಷ, ನಾನಿನ್ನೂ ಅಂಬೆಗಾಲಿಡುತ್ತಿದ್ದೆ. ಮಕ್ಕಳು ಪರರ ಕೈಗೆ ಬೀಳಬಾರದೆಂದು ಹಿರಿಯರು ಅವಳ ತಂಗಿಯನ್ನೇ ನಾರಾಯಣಪುರದಿಂದ ತಂದು ಅಪ್ಪನಿಗೆ ಮದುವೆ ಮಾಡಿದರು. ನಮ್ಮ ಕಡೆ ಆಗ ಹಾಗೆ ನಡೆಯುತ್ತಿತ್ತು. ಆ ಹುಡುಗಿಯನ್ನು ಯಾರೂ ಏನೂ ಕೇಳಿರಲಿಕ್ಕಿಲ್ಲ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ನಾನು ಮಾತು ಬಂದಾಗ ಅವಳನ್ನು ಅವ್ವ ಎಂದೆ. ಅಣ್ಣನಿಗೆ ಆಗಲೇ ಮಾತು ಬಂದಿತ್ತು, ಹೆತ್ತವಳ ನೆನಪೂ ಇತ್ತು. ಅವನು ಸಣ್ಣವ್ವ ಎಂದ, ಇಂದಿಗೂ ಹಾಗೇ ಅನ್ನುತ್ತಾನೆ. ಅಪ್ಪ ಹೋದ ಮೇಲೆ ಅವಳು ನನ್ನ ಮನೆಯಲ್ಲಿದ್ದಾಳೆ. ಅಣ್ಣ ಅವಳಿಗೆ ಏನೂ ಕಡಿಮೆ ಮಾಡಿದವನಲ್ಲ. ಹಬ್ಬಕ್ಕೆ ಸೀರೆ ಮೊದಲು ಬರುವುದು ಅವನಿಂದ. ಕರೆಯುವ ಹೆಸರು ಮಾತ್ರ ಬೇರೆ.

ನಕ್ಷೆ ಒಂದು ಹದಕ್ಕೆ ಬಂತು ಅನ್ನಿಸಿದಾಗ ಪ್ರೂಫ್ ತೆಗೆಸೋಣವೆಂದು ಫ್ಲೆಕ್ಸ್ ಅಂಗಡಿಗೆ ಹೋದೆ. ಆ ಅಂಗಡಿಯ ಚಾಚಾ ಊರಿನ ಎಲ್ಲ ಮದುವೆ, ಹುಟ್ಟುಹಬ್ಬ, ಚುನಾವಣೆಗಳ ಮುಖಗಳನ್ನು ಅಚ್ಚು ಹಾಕಿದವರು. ಯಂತ್ರದಿಂದ ಕಾಗದ ಹೊರಬರುತ್ತಿದ್ದಂತೆ ಕನ್ನಡಕ ಹಣೆಗೇರಿಸಿ ಬಾಗಿದರು.

"ಅರೆ ಭಾಯ್, ಈ ಅಮ್ಮಾ ಯಾರ್ರಿ? ಅರ್ಧಾ ಒಳಗ, ಅರ್ಧಾ ಹೊರಗ ನಿಂತಾರ."

ನೋಡಿದರೆ ಅವ್ವನ ಚೌಕ. ಕಾಗದದ ಎಡ ಅಂಚಿಗೆ ಸರಿದು ನಡುವೆಯೇ ಕತ್ತರಿಸಿಹೋಗಿತ್ತು. ಫೋಟೋದಲ್ಲಿ ಒಂದು ಕಣ್ಣು, ಅರ್ಧ ಸೆರಗು. ಬಲಕ್ಕಿದ್ದ ಹೆಸರು ಮಾತ್ರ ಪೂರ್ತಿ ಉಳಿದಿತ್ತು.

ಯಾಕೆ ಹೀಗಾಯಿತೆಂಬುದು ಅಲ್ಲೇ ನಿಂತು ತಿಳಿಯಿತು. ನಮ್ಮಿಬ್ಬರ ಗೆರೆ ಹೆತ್ತವಳಿಂದ ಹೊರಟಿತ್ತು, ಅದು ಸರಿಯೇ. ಅವ್ವನಿಂದ ಕೆಳಗೆ ಯಾವ ಗೆರೆಯೂ ಇರಲಿಲ್ಲ. ಲೈಬ್ರರಿ ಮಕ್ಕಳು ಮರಿ ಇದ್ದವರನ್ನು ನಡುವೆ ಕೂರಿಸಿ, ಕೆಳಗೆ ಯಾರೂ ಇಲ್ಲದವರನ್ನು ಅಂಚಿಗೆ ದೂಡುತ್ತದೆ. ಅದಕ್ಕೆ ಇದರಲ್ಲಿ ಕೆಟ್ಟ ಮನಸ್ಸೇನಿಲ್ಲ. ಇದ್ದ ಜಾಗವನ್ನು ಹಂಚುವ ಕೆಲಸ ಅದರದು, ಹಂಚಿತ್ತು. ಪರದೆಯಲ್ಲಿ ಸರಿಸಿ ಸರಿಸಿ ನೋಡುವಾಗ ಗೊತ್ತಾಗದ್ದು ಕಾಗದದಲ್ಲಿ ಎದ್ದು ಕಂಡಿತು.

"ನಮ್ಮವ್ವ ಚಾಚಾ," ಎಂದೆ.

ಚಾಚಾ ಮುಖ ಗಂಭೀರ ಮಾಡಿದರು. "ಹಂಗಾದ್ರ ಒಳಗ ಕರೀರಿ ಸಾಬ್. ಜಾಗಾ ಸಾಲಲ್ಲ ಅಂದ್ರ ಕಾಗದಾ ನಾ ದೊಡ್ಡದು ಹಾಕ್ತೀನಿ."

ಕಾಗದವನ್ನು ಸುತ್ತಿ ಮನೆಗೆ ತಂದು ಮೇಜಿನ ಮೇಲಿಟ್ಟೆ. ಕೈಕಾಲು ತೊಳೆದು ಬಂದು ಸರಿಮಾಡೋಣವೆಂದಿದ್ದೆ. ಬರುವಷ್ಟರಲ್ಲಿ ಅವ್ವ ಅದನ್ನು ಮಂಚದ ಮೇಲೆ ಹಾಸಿ, ನಾಲ್ಕು ಮೂಲೆಗೆ ಚೊಂಬು, ಅಡಕೊತ್ತು, ನನ್ನ ಫೋನು, ತನ್ನ ಕನ್ನಡಕದ ಡಬ್ಬಿ ಇಟ್ಟು ಬೆರಳಾಡಿಸುತ್ತಿದ್ದಳು. ಓದು ಅಷ್ಟಾಗಿ ಬಾರದವಳು ಫೋಟೋ ನೋಡಿ ನೋಡಿ ಎಲ್ಲರನ್ನೂ ಗುರುತು ಹಿಡಿದಿದ್ದಳು. ಬೆರಳು ಎಡ ಅಂಚಿಗೆ ಬಂದು ನಿಂತಿತು.

"ಇದು ನಾ ಏನು?"

"ಅದು ತಪ್ಪಾಗಿ ಬಂದದ ಅವ್ವಾ. ಸರಿ ಮಾಡ್ತೀನಿ."

"ಬಾಗಲದಾಗ ನಿಂದ್ರಿಸೀದಿ. ಚಲೋ ಆಯ್ತು, ಗಾಳಿ ಬರ್ತದ," ಎಂದು ನಕ್ಕಳು. ಆ ನಗು ಪೂರ್ತಿಯಾಗಲಿಲ್ಲ. ಚೊಂಬು ಎತ್ತಿ ಕಾಗದ ಸುರುಳಿ ಮಾಡುತ್ತ, ನನ್ನ ಕಡೆ ನೋಡದೆ ಹೇಳಿದಳು: "ನೋಡಪಾ, ಹುಮನಾಬಾದಕ್ಕ ನಾಕ ಊರ ಮಂದಿ ಬರ್ತಾರ. ನಮ್ಮ ತವರುಮನಿಯವರೂ ಬರ್ತಾರ. ನನ್ನ ಇಟ್ರ ಪೂರಾ ಇಡು, ಇಲ್ಲಂದ್ರ ತಗದಬಿಡು. ಬ್ಯಾಸರಿಲ್ಲ. ಅರ್ಧಾ ಮಾತ್ರ ಇಡಬ್ಯಾಡ."

ಜೀವಮಾನದಲ್ಲಿ ಅವಳು ನನ್ನಿಂದ ಏನಾದರೂ ಕೇಳಿದ್ದು ನೆನಪಿಲ್ಲ. ಇದನ್ನು ಕೇಳಿದಳು.

ಚೌಕವನ್ನು ಒಳಕ್ಕೆ ತರುವುದು ಕಷ್ಟವಲ್ಲ. ಆದರೆ ಬರಿದೇ ತಂದರೆ ಅದು ಸಂಬಂಧವಿಲ್ಲದ ನೆಂಟರಂತೆ ಗೆರೆಗಳ ನಡುವೆ ತೂಗಾಡುತ್ತದೆ. ಅವಳಿಂದ ನಮ್ಮಿಬ್ಬರಿಗೂ ಚುಕ್ಕೆ ಚುಕ್ಕೆಯ ಗೆರೆಯೊಂದನ್ನು ಎಳೆದೆ, ಸಾಕಿದ್ದಕ್ಕೆ ಗುರುತು. ಕೂಡಲೇ ಲೈಬ್ರರಿ ಅವಳನ್ನು ಎಳೆದು ನಡುವೆ ತಂದು ಕೂರಿಸಿತು. ನನಗೆ ಸಮಾಧಾನವಾಯಿತು. ಚಿತ್ರವನ್ನು ಅಣ್ಣನಿಗೆ ಕಳಿಸಿದೆ.

ಫೋನು ಬಂತು. ಈ ಸಲ ದನಿ ಏರಿರಲಿಲ್ಲ, ಅದಕ್ಕೇ ನನಗೆ ಅಂಜಿಕೆಯಾಯಿತು.

"ಇದೇನು ಚುಕ್ಕಿ ಚುಕ್ಕಿ?"

"ಸಣ್ಣವ್ವಂದು."

"ಹಡದಾಕಿ ಒಬ್ಬಾಕಿ ತಮ್ಮಾ. ನಮಗ ಎರಡೆರಡು ಗೆರಿ ಯಾಕ?"

"ಸಾಕಿದಾಕಿ ಅಲ್ಲೇನೋ ಅಣ್ಣಾ ಆಕಿ?"

"ಸಾಕ್ಯಾಳ, ಇಲ್ಲಂದವರು ಯಾರು? ಕೇಳಿಲ್ಲಿ. ನೀ ಇಷ್ಟೂ ಮಂದೀದು ಫೋಟೋ ಹಾಕೀದಿ. ನಮ್ಮವ್ವಂದು ಬಿಳೀ ಚೌಕಾ ಅದ. ಆಕೀದು ಫೋಟೋ ಒಂದೂ ಇಲ್ಲ. ಆಕಿ ಹ್ಯಾಂಗ ಇದ್ಲು ಅಂತ ನೆನಪಿರಾಂವ ಈ ಮನ್ಯಾಗ ನಾ ಒಬ್ಬನ. ಆಕೀದು ಅಂತ ಉಳದದ್ದು ಆ ಎರಡು ಗೆರಿ. ಬಾಜೂಕ ಇನ್ನೊಂದು ಗೆರಿ ಬಂತಂದ್ರ ಬಂದವರು ಫೋಟೋ ಇದ್ದಾಕೀನ ನೋಡ್ತಾರ, ಬಿಳೀ ಚೌಕಾ ಯಾರು ನೋಡ್ತಾರ?"

ಹೆತ್ತವಳ ಮುಖ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಬಗ್ಗೆ ನಾನೇನು ವಾದ ಮಾಡಲಿ?

"ಐತವಾರ ನಾನ ಬರ್ತೀನಿ. ಕುಂತು ಮಾಡಿಸ್ತೀನಿ," ಎಂದ.

ಹೇಳಿದಂತೆ ಭಾನುವಾರ ಬಂದ. ಮೋಟರಸೈಕಲ್ ನಿಲ್ಲಿಸಿ, ಒಳಗೆ ಬಂದು, ನನ್ನ ಕುರ್ಚಿಯ ಪಕ್ಕಕ್ಕೆ ಸ್ಟೂಲೆಳೆದು ಕುಳಿತು ಪರದೆಗೆ ಮುಖ ಕೊಟ್ಟ. ಅವ್ವ ಅಡುಗೆಮನೆಯಲ್ಲಿ ಚುರುಮುರಿ ನೆನೆಸಿ ಸುಸಲಾ ಮಾಡುತ್ತಿದ್ದಳು. ಒಗ್ಗರಣೆಯ ಚಟಪಟ ಕೇಳುತ್ತಿತ್ತು, ಅಂದಮೇಲೆ ನಮ್ಮ ಮಾತು ಅವಳಿಗೂ ಕೇಳುತ್ತಿತ್ತು. ಅಣ್ಣನಿಗೆ ಇಂಥದ್ದೆಲ್ಲ ಹೊಳೆಯುವುದಿಲ್ಲ.

"ಚುಕ್ಕಿ ಗೆರಿ ತಗಿ," ಎಂದ.

"ತಗದ್ರ ಆಕಿ ಮತ್ತ ಅಂಚಿಗೆ ಹೋಗ್ತಾಳ."

"ಅಂಚಿಗೆ ಯಾಕ ಹೋಗ್ತಾಳ? ಅಪ್ಪನ ಬಾಜೂಕ ಕುಂದರಸು."

"ಕುಂದರಸಿದ್ರ ಕೆಳಗ ಖಾಲಿ ಕಾಣ್ತದ. ಮಕ್ಕಳಿಲ್ಲದಾಕಿ ಅಂತ ಗ್ವಾಡಿ ಮ್ಯಾಲ ಬರದು ಹಾಕಿದಂಗ ಆಗ್ತದ ಅಣ್ಣಾ."

ಅವನು ಸ್ಟೂಲನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದ. ಆಮೇಲೆ, "ನಾ ಆಕೀಗೆ ಏನೂ ಕಮ್ಮಿ ಮಾಡಿಲ್ಲ. ಆದ್ರ ನಮ್ಮವ್ವನ ಜಾಗಾ ಯಾರಿಗೂ ಕೊಡಂಗಿಲ್ಲ, ಅಷ್ಟ," ಎಂದ.

ಅವ್ವ ಸುಸಲಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾಟನ್ನು ಅವನ ತೊಡೆಯ ಮೇಲೇ ಇಟ್ಟಳು.

"ನಾ ಕೇಳಿದೆನೇನೋ ಆಕಿ ಜಾಗಾ? ಉಣ್ಣು ಮೊದಲ. ಆಕಿ ಜಾಗಾ ನಿನಗಿಂತ ಜಾಸ್ತಿ ನಾ ಕಾಯಾಕತ್ತೇನಿ."

ಹೀಗೆಂದು ಸೆರಗಿನೊಳಗೆ ಕೈ ಹಾಕಿ ಶಿವದಾರವನ್ನು ಹೊರಗೆಳೆದಳು. ಲಿಂಗದ ಕರಡಿಗೆಯ ಪಕ್ಕದಲ್ಲಿ ಅದೇ ದಾರಕ್ಕೆ ಪೋಣಿಸಿದ ಬಂಗಾರದ ಬಿಲ್ಲೆಯೊಂದಿತ್ತು, ಹುಣಸೆಬೀಜಕ್ಕಿಂತ ತುಸು ದೊಡ್ಡದು. ನಮ್ಮ ಕಡೆ ಹೆಂಡತಿ ತೀರಿಕೊಂಡವನಿಗೆ ಎರಡನೆಯವಳಾಗಿ ಬಂದವಳು, ಹೋದವಳ ಹೆಸರಿನಲ್ಲಿ ಹೆಣ್ಣಿನ ಆಕಾರ ಒತ್ತಿದ ಇಂಥದ್ದೊಂದು ಬಿಲ್ಲೆಯನ್ನು ತನ್ನ ತಾಳಿಯ ಜೊತೆಗೆ ಕಟ್ಟಿಕೊಳ್ಳಬೇಕು. ಹಬ್ಬದ ದಿನ ಕುಂಕುಮ ಮೊದಲು ಅದಕ್ಕೆ, ಆಮೇಲೆ ತನ್ನ ಹಣೆಗೆ. ನಾನು ಅದನ್ನು ದಿನಾ ನೋಡಿದವನು. ದಿನಾ ನೋಡಿದ್ದರಿಂದಲೇ ಏನೋ, ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಅಣ್ಣ ಮಾತ್ರ ಬೆಚ್ಚಿದ.

"ಇದು ಇನ್ನಾ ಅದ? ಅಪ್ಪ ಹೋದಾಗ ತಾಳಿ ಕೂಡ ಇದೂ ತಗದ್ರು ಅಂತ ತಿಳಕೊಂಡಿದ್ದೆ."

"ತಗಿಲಾಕ ಬಂದಿದ್ರು. ತಾಳಿ ಅವರದು, ಒಯ್ರಿ ಅಂದೆ. ಇದು ನಮ್ಮಕ್ಕಂದು, ಮುಟ್ಟಬ್ಯಾಡ್ರಿ ಅಂದೆ. ನಿಮ್ಮವ್ವನ ಮೂಗಬಟ್ಟು ಮುರಿಸಿ ಮಾಡಿಸಿದ್ದು ಇದು. ನಿನಗ ಹೇಳಿರಲಿಲ್ಲೇನು?"

ಅವನು ತಾಟು ಪಕ್ಕಕ್ಕಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು ಆ ಬಿಲ್ಲೆಯನ್ನು ಹಿಡಿದ. ದಾರ ಅವಳ ಕೊರಳಲ್ಲೇ ಇದ್ದುದರಿಂದ ಅವಳು ಬಾಗಬೇಕಾಯಿತು, ಅವನೂ ಬಾಗಬೇಕಾಯಿತು. ಇಬ್ಬರ ತಲೆಯೂ ಒಂದಕ್ಕೊಂದು ತಾಕುವಷ್ಟು ಹತ್ತಿರ.

"ಮಾರಿ ಸವದದ, ಕಣ್ಣು ಮೂಗು ಕಾಣವಲ್ದು," ಎಂದ.

"ನಿನ್ನ ತಮ್ಮಗ ಕೇಳು. ಹಲ್ಲು ಬರೂವಾಗ ಎತಗೊಂಡ್ರ ಸಾಕು, ಇದನ್ನ ಬಾಯಾಗ ಹಾಕ್ಕೊಂಡು ಕಚ್ಚತಿದ್ದ. ಅಕ್ಕಾ, ನಿನ್ನ ಮಗನ ನಿನ್ನ ತಿನ್ನಾಕತ್ತಾನ ನೋಡು, ಅಂತಿದ್ದೆ."

ಅಣ್ಣನಿಗೆ ನಗು ಬಂತು, ಅದರ ಹಿಂದೆಯೇ ಬೇರೆ ಏನೋ ಬಂತು. ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದ. ಅವ್ವ ದಾರವನ್ನು ಒಳಗೆ ಸೇರಿಸುತ್ತ, "ಸುಸಲಾ ಆರತದ," ಎಂದು ಒಳಗೆ ಹೋದಳು.

ಅವನು ಸುಸಲಾ ತಿಂದ. ನಾನು ಪರದೆ ನೋಡುತ್ತ ಕುಳಿತೆ. ಚೌಕದ ಪಕ್ಕ ಚೌಕ ಎಂದೇ ನಾನು ಇಷ್ಟು ದಿನ ಯೋಚಿಸಿದ್ದು. ಒಬ್ಬರನ್ನು ನಡುವೆ ತಂದರೆ ಇನ್ನೊಬ್ಬರು ಸರಿಯಲೇಬೇಕಿತ್ತು. ಆ ಅಕ್ಕತಂಗಿಯರು ಅಕ್ಕಪಕ್ಕ ಇದ್ದವರೇ ಅಲ್ಲ, ಒಬ್ಬಳು ಇನ್ನೊಬ್ಬಳ ಕೊರಳಲ್ಲೇ ಇದ್ದಳು.

"ಅಣ್ಣಾ, ಒಂದು ಮಾಡಿ ತೋರಸ್ತೀನಿ. ಬೈಬ್ಯಾಡ," ಎಂದೆ.

ಅವ್ವನಿಗಾಗಿ ಬೇರೆಯದೇ ಒಂದು ಚೌಕ ಕಟ್ಟಿದೆ. ಹೊರಗಿನದು ಅವಳದು: ಅವಳ ಫೋಟೋ, ಹೆಸರು, ನಾರಾಯಣಪುರ. ಅದರೊಳಗೆ, ನಡುಮಧ್ಯದಲ್ಲಿ, ಒಂದು ಸಣ್ಣ ಚೌಕ. ಅದು ಹೆತ್ತವಳದು. ಒಳಗಿನದಕ್ಕೆ ಮೊದಲು ಜಾಗ ಅಳೆದು, ಅದರ ಸುತ್ತ ಉಳಿದದ್ದನ್ನು ಹೊಂದಿಸಬೇಕೆಂದು ಬರೆದೆ. ಒಳಗಿನದು ದೊಡ್ಡದಾದರೆ ಹೊರಗಿನದು ತಾನಾಗಿ ಹಿಗ್ಗಬೇಕು. ಇಬ್ಬರನ್ನೂ ಲೈಬ್ರರಿ ಒಂದೇ ಎಂದು ಹಿಡಿದು ಒಟ್ಟಿಗೇ ಸರಿಸಬೇಕು. ಸಿದ್ಧ ಚೌಕಗಳಲ್ಲಿ ಇಂಥದ್ದು ಇರಲಿಲ್ಲ. ಅಣ್ಣ ಎದ್ದು ಹೋಗಿ ನೀರು ಕುಡಿದು ಬಂದ, ಮತ್ತೆ ಕೂತ, ಮತ್ತೆ ಎದ್ದ. ನಾನು ಬರೆಯುತ್ತಲೇ ಇದ್ದೆ.

"ನಮ್ಮವ್ವ ಸಣ್ಣಾಕಿ ಆದ್ಲಲ್ಲೋ," ಎಂದ ಒಮ್ಮೆ.

"ನಡುವ ಅದಾಳ ನೋಡು."

"ಹೌದು. ನಡುವ ಅದಾಳ." ಪರದೆಯ ಆ ಜಾಗಕ್ಕೆ ಬೆರಳಿಟ್ಟು, "ಬಿಳೀ ಜಾಗಾ ಬ್ಯಾಡ. ಆ ಬಿಲ್ಲೀದು ಫೋಟೋ ಹಾಕು ಅಲ್ಲಿ," ಎಂದು ತಾನೇ ಹೇಳಿದ.

ಅವ್ವನನ್ನು ಕರೆದು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಿಲ್ಲೆಯ ಫೋಟೋ ತೆಗೆದದ್ದು ಅಣ್ಣನೇ. ಅವನ ದಪ್ಪ ಬೆರಳು ನಾಲ್ಕೈದು ಸಲ ಅಡ್ಡ ಬಂತು, ಅವ್ವ ಅಷ್ಟೂ ಸಲ ಬೈದಳು.

ಇನ್ನು ಗೆರೆ. ಒಳಗಿನ ಚೌಕದಿಂದ ಹೊರಟು ನಮ್ಮಿಬ್ಬರಿಗೆ ಬರಬೇಕು. ಹಾಗೆಂದು ಬರೆದೆ. ಬ್ರೌಸರಿನಲ್ಲಿ ಗೆರೆ ಮೂಡಿತು, ಆದರೆ ನೇರ ಕೆಳಗಿಳಿಯಲಿಲ್ಲ. ಒಳಗಿನ ಚೌಕದ ನೆತ್ತಿಯಿಂದ ಮೇಲಕ್ಕೆ ಹಾರಿ, ಅವ್ವನ ಚೌಕವನ್ನು ಪೂರ್ತಿ ಬಳಸಿಕೊಂಡು, ದೂರದಿಂದ ಕೆಳಗೆ ಬಂತು. ಕಟ್ಟೆ ಸುತ್ತುವ ದನದ ಹಾಗೆ.

"ಏ, ಅದು ಯಾಕ ಹಂಗ ಸುತ್ತ ಹಾಕ್ಕೊಂಡು ಹೊಂಟದ?" ಅಣ್ಣನ ದನಿ ಅಡತಿಗೆ ಮರಳಿತ್ತು.

"ಗೆರಿ ಹೋಗೋ ದಾರ್ಯಾಗ ಬ್ಯಾರೆ ಚೌಕಾ ಇದ್ರ, ಅಡ್ಡ ಅದ ಅಂತ ತಿಳಕೊಂಡು ತಪ್ಪಿಸಿ ಹೋಗ್ತದ. ಅವ್ವನ ಚೌಕಾ ಅಡ್ಡ ಬಂದದ ಅಂತ ತಿಳದದ."

"ಆಕಿ ಯಾವಾಗ ಅಡ್ಡ ಬಂದಾಳ?" ಎಂದು ಅಣ್ಣ ಮೇಜಿನ ಮೇಲೆ ಅಂಗೈ ಬಡಿದ. "ಹೇಳು ಅದಕ್ಕ! ಆಕಿ ಅಡ್ಡ ಅಲ್ಲ ಅಂತ ಬರಿ!"

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಅಣ್ಣನಿಗೂ ತಾನೇನು ಅಂದೆನೆಂಬುದು ಆಗ ಕೇಳಿಸಿರಬೇಕು. ತುಟಿ ಒತ್ತಿಕೊಂಡು ಪರದೆಯನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ನಾನು ಹಾಗೇ ಬರೆದೆ. ಈ ಗೆರೆಗೆ ಈ ಚೌಕ ಅಡ್ಡಿಯಲ್ಲ, ಇದರೊಳಗಿಂದ ಹಾದು ಹೋಗಬಹುದು ಎಂದು. ಒಂದೇ ಸಾಲು. ಗೆರೆ ನೆಟ್ಟಗಾಯಿತು. ಬಿಲ್ಲೆಯಿಂದ ಹೊರಟು, ಅವ್ವನೊಳಗಿಂದ ಹಾದು, ಅವಳ ಕೆಳ ಅಂಚಿನಲ್ಲಿ ಹೊರಬಿದ್ದು, ಎರಡು ಕವಲಾಗಿ ನಮ್ಮಿಬ್ಬರ ಮೇಲೆ ಇಳಿಯಿತು. ಅಣ್ಣ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಕಾಗದಾ ದೊಡ್ಡದು ಹಾಕಸು. ಆಕೀದು ಸ್ಪಷ್ಟ ಕಾಣ್ಬೇಕು," ಎಂದ. ಯಾರದೆಂದು ನಾನು ಕೇಳಲಿಲ್ಲ.

ವಾಸ್ತುಶಾಂತಿಯ ದಿನ ಹುಮನಾಬಾದಿನ ಆ ಪಡಸಾಲೆಯಲ್ಲಿ ಗೋಡೆ ತುಂಬ ಚೌಕಟ್ಟು. ಅವ್ವ ಹೊಸ ಇಳಕಲ್ ಸೀರೆಯುಟ್ಟು ಒಳಗೆ ಬಂದವಳು ನೇರ ಅದರ ಮುಂದೆ ಹೋಗಿ ನಿಂತಳು. ತನ್ನ ಚೌಕದ ನಾಲ್ಕೂ ಮೂಲೆಯನ್ನು ಗಾಜಿನ ಮೇಲೆ ಮುಟ್ಟಿ ನೋಡಿದಳು. ಅಲ್ಲೇ ಇದ್ದ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು ಕುಳಿತಳು.

ಒಳಗಿನಿಂದ ವೈನಿ, ಅಣ್ಣನ ಹೆಂಡತಿ, ಕೂಗಿದರು: "ಅತ್ತಿ, ಹೂರಣದ ಹದಾ ಜರಾ ನೋಡಬರ್ರಿ!"

"ಇವತ್ತ ನೀನ ನೋಡಕೋ ನಮ್ಮವ್ವಾ. ನಂಗ ಇಲ್ಲಿ ಕೆಲಸ ಅದ."

ನಿರ್ಣಾ ಎಂಬ ಊರಿನಿಂದ ಬಂದಿದ್ದ ದೂರದ ನೆಂಟರೊಬ್ಬರು, ರುಮಾಲು ಸುತ್ತಿದ ಹಿರಿಯರು, ನಕ್ಷೆಯ ಮುಂದೆ ನಿಂತು ಅಣ್ಣನ ಭುಜ ಹಿಡಿದರು. "ಇದೇನಪಾ ಸಾವಕಾರ, ಮನಿಯೊಳಗ ಮನಿ ಕಟ್ಟೀರಿ? ಇದರಾಗ ನಿಮ್ಮವ್ವ ಯಾರು?"

ನಾನು ಪಂಗ್ತಿಗೆ ಚಾಪೆ ಹಾಸುತ್ತಿದ್ದವನು ಕೈ ನಿಲ್ಲಿಸಿದೆ. ಅಣ್ಣ ಒಮ್ಮೆ ನಕ್ಷೆ ನೋಡಿದ, ಒಮ್ಮೆ ಕುರ್ಚಿಯ ಕಡೆ ನೋಡಿದ.

"ನಾ ಹೇಳಾಕ ಹೋದ್ರ ತಪ್ತೀನ್ರಿ ಕಾಕಾ. ಸಣ್ಣವ್ವ ಕುಂತಾಳ ನೋಡ್ರಿ, ಆಕೀನ ಕೇಳ್ರಿ. ಎಲ್ಲಾ ಆಕೀಗೇ ಗೊತ್ತದ."

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗಾಜಿನ ಮೇಲೆ ಬೆರಳಿಟ್ಟಳು. "ಈ ಒಳಗಿನಾಕಿ ನಮ್ಮಕ್ಕ. ಇವರನ್ನ ಹಡದಾಕಿ ಆಕಿ. ಗೆರಿ ಆಕಿ ಕಡಿಂದ ಹೊಂಟದ, ಕಾಣತದಲ್ಲ? ನನ್ನೊಳಗಿಂದ ಹಾದು ಇವರ ಕಡೆ ಬಂದದ."

"ಅಂದ್ರ ಇದೆಲ್ಲಾ ನೀವು?" ಹಿರಿಯರು ದೊಡ್ಡ ಚೌಕವನ್ನು ತೋರಿಸಿದರು.

"ಹೌದ್ರಿ. ಪೂರಾ ನಾನ. ಫೋಟೋ ಒಂದು ಚಲೋ ಬಂದಿಲ್ಲ ನೋಡ್ರಿ."

ಹಿರಿಯರು ತಲೆದೂಗಿ ಮುಂದೆ ಹೋದರು. ಅವರ ಹಿಂದೆ ನಾರಾಯಣಪುರದಿಂದ ಅವ್ವನ ತವರಿನ ಹೆಂಗಸರು ಬಂದರು, ಒಟ್ಟಿಗೇ ಮಾತಾಡುತ್ತ. ಅಣ್ಣ ಫ್ಯಾನನ್ನು ಕುರ್ಚಿಯ ಕಡೆ ತಿರುಗಿಸಿ ಅಡುಗೆಯವರನ್ನು ಬೈಯಲು ಹೋದ. ಅವ್ವ ಬೆರಳನ್ನು ಗಾಜಿನಿಂದ ತೆಗೆದಿರಲೇ ಇಲ್ಲ. "ಬರ್ರಿ, ಇತ್ಲಾಗ ಬರ್ರಿ," ಎಂದು ಅವರನ್ನು ಹತ್ತಿರ ಕರೆದು, ಮೊದಲಿನಿಂದ ಹೇಳತೊಡಗಿದಳು.